ಅಣ್ಣನಿಗೆ ಕಾವಲು

ಅಣ್ಣ ಮತ್ತೆ ಕೆಲಸಕ್ಕೆ ಹೋಗತೊಡಗಿದ ಮೊದಲ ವಾರ ನಾನು ಮೂರು ಅಂಗಿ ಕೆಡಿಸಿದೆ. ಒಂದಕ್ಕಂತೂ ಎರಡೂ ಎಡಗೈ ತೋಳುಗಳನ್ನೇ ಕೂಡಿಸಿದ್ದೆ. ನನ್ನದು ಹೊಲಿಗೆ ಅಂಗಡಿ. ಎರಡು ಬೀದಿ ಆಚೆ ಅವನು ಪುಸ್ತಕಗಳಿಗೆ ರಟ್ಟು ಹಾಕುವ ಕಾರ್ಖಾನೆಯಲ್ಲಿದ್ದ. ಅಲ್ಲಿ ಕಾಗದದ ದಿಂಡು ಕತ್ತರಿಸುವ ದೊಡ್ಡ ಯಂತ್ರವಿದೆ. ಅದು ನೆನಪಾದಾಗಲೆಲ್ಲ ನನ್ನ ಕಾಲು ಪೆಡಲಿನ ಮೇಲೆ ತಪ್ಪುತ್ತಿತ್ತು.

ಹಿಂದಿನ ವರ್ಷ ಉನ್ಮಾದ ಏರಿದಾಗ ಅಣ್ಣ ಆರು ದಿನ ಕಣ್ಣು ಮುಚ್ಚಿರಲಿಲ್ಲ. ಗೋಡೆ ಒಡೆದು ಮನೆಯನ್ನೇ ಗ್ರಂಥಾಲಯ ಮಾಡುತ್ತೇನೆಂದು ಸುತ್ತಿಗೆ ಹಿಡಿದಿದ್ದ. ಆಮೇಲೆ ಎರಡು ತಿಂಗಳು ಆಸ್ಪತ್ರೆ, ನಾಲ್ಕು ತಿಂಗಳು ಹಾಸಿಗೆ. ಅದನ್ನೆಲ್ಲ ದಾಟಿ ಅವನು ಎದ್ದು ಬಂದ. ನಾನು ಮಾತ್ರ ಇನ್ನೂ ಆ ಸುತ್ತಿಗೆಯ ಸದ್ದಿನಲ್ಲೇ ಇದ್ದೆ.

ಗಂಟೆಗೊಮ್ಮೆ ಕಾರ್ಖಾನೆಗೆ ಫೋನ್ ಮಾಡುತ್ತಿದ್ದೆ. ಐದನೆಯ ದಿನ ಯಜಮಾನರು ತಾಳ್ಮೆಗೆಟ್ಟರು.

"ನೋಡಮ್ಮ, ನಿಮ್ಮಣ್ಣ ನೆಟ್ಟಗೆ ಕೆಲಸ ಮಾಡ್ತಿದಾನೆ. ನಿಮ್ಮ ಫೋನಿಂದ ನನಗೇ ತಲೆ ಕೆಡ್ತಿದೆ."

ಮಧ್ಯಾಹ್ನ ಅಣ್ಣ ಅಂಗಡಿಗೇ ಬಂದ. ಬೆರಳುಗಳ ಮೇಲೆ ಅಂಟು ಒಣಗಿತ್ತು.

"ನಕ್ಕರೆ ಯಾಕೆ ನಗ್ತೀಯ ಅಂತೀಯ. ಸುಮ್ಮನಿದ್ರೆ ಯಾಕೆ ಸುಮ್ಮನಿದೀಯ ಅಂತೀಯ. ನಾನು ಹೇಗಿರ್ಬೇಕು, ಹೇಳ್ಬಿಡು ತಾಯಿ."

"ನಂಗೆ ಹೆದರಿಕೆ ಅಣ್ಣ."

"ನಂಗಿಲ್ವಾ?"

ಅದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಅವನು ಇದನ್ನೆಲ್ಲ ನರ್ಸಮ್ಮನ ಮುಂದೆ ಹೇಳಿದ. ಆಕೆ ನನ್ನ ಕೈಗೊಂದು ಹಾಳೆ ಕೊಟ್ಟಳು. "ಕಾಯಿಲೆ ಏರೋ ಮುಂಚೆ ಏನೇನಾಗುತ್ತೆ ಅಂತ ಅವರೇ ಹೇಳ್ಲಿ. ನೀವು ಬರ್ಕೊಳ್ಳಿ."

ಅಣ್ಣ ಯೋಚಿಸಿ ಯೋಚಿಸಿ ಹೇಳಿದ. ನಿದ್ದೆ ಕಡಿಮೆಯಾಗೋದು, ಆದ್ರೂ ಸುಸ್ತಾಗದೆ ಇರೋದು, ಮಾತು ಓಡೋದು. ಕೊನೆಗೆ, "ತಂಗಿ ದಿನಕ್ಕೆ ಎರಡಕ್ಕಿಂತ ಹೆಚ್ಚು ಸಲ ಫೋನ್ ಮಾಡಿದ್ರೆ ಅವಳನ್ನೇ ಇಲ್ಲಿ ಸೇರಿಸೋದು. ಬರ್ಕೋ" ಅಂದ. ನರ್ಸಮ್ಮ ಬಿದ್ದು ಬಿದ್ದು ನಕ್ಕಳು. ನಾನು ಅದನ್ನೂ ಬರೆದುಕೊಂಡೆ.

ಫೋನ್ ಕಡಿಮೆ ಮಾಡಿದೆ. ಹೆದರಿಕೆ ಕಡಿಮೆಯಾಗಲಿಲ್ಲ. ಬೀದಿಯಲ್ಲಿ ಯಾರಾದರೂ ದನಿ ಏರಿಸಿದರೆ ಸಾಕು, ಕತ್ತರಿ ಬಿಟ್ಟು ಬಾಗಿಲಿಗೆ ಓಡುತ್ತಿದ್ದೆ.

ಐದು ತಿಂಗಳು ಕಳೆದ ಮೇಲೆ ಒಂದು ಬೆಳಗ್ಗೆ ಅಣ್ಣ ಅಂಗಡಿ ಬಾಗಿಲಲ್ಲಿ ನಿಂತಿದ್ದ. ತಲೆ ಬಾಚಿದ್ದ, ಗುಂಡಿಗಳೆಲ್ಲ ಸರಿಯಾಗಿದ್ದವು.

"ಅಂಗಡಿ ಮುಚ್ತೀಯಾ? ಆಸ್ಪತ್ರೆಗೆ ಹೋಗಿಬರೋಣ."

"ಏನಾಯ್ತು?"

"ಎರಡು ದಿನದಿಂದ ಮೂರ್ಮೂರೇ ಗಂಟೆ ನಿದ್ದೆ. ಮೈ ಮಾತ್ರ ಹಗುರ. ತುಂಬಾ ಚೆನ್ನಾಗಿದೀನಿ ಅನ್ನಿಸ್ತಿದೆ ಕಣೇ, ಅದಕ್ಕೇ ಭಯ. ಇವತ್ತು ಯಂತ್ರ ಮುಟ್ಟಲ್ಲ ಅಂತ ಯಜಮಾನರಿಗೆ ಹೇಳಿ ಬಂದೆ."

ಅಷ್ಟು ದಿನ ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದ ನನಗೆ ಏನೂ ಕಂಡಿರಲಿಲ್ಲ. ಬಸ್ಸಿನಲ್ಲಿ ಅವನ ಮೊಣಕಾಲು ಒಂದೇ ಸಮನೆ ಕುಣಿಯುತ್ತಿತ್ತು. ನನ್ನದೂ.

ಡಾಕ್ಟರು ಮಾತ್ರೆ ಬದಲಿಸಿದರು, ಎರಡು ವಾರ ರಜೆ ಬರೆದುಕೊಟ್ಟರು. "ಸೇರಿಸ್ಕೊಳ್ಳಲ್ವಾ?" ಎಂದೆ. "ಬೇಡ. ಬೇಗ ಬಂದಿದಾರೆ" ಅಂದರು.

ಆ ಎರಡು ವಾರ ಸುಲಭವಾಗಿರಲಿಲ್ಲ. ಅಣ್ಣ ಮನೆಯೊಳಗೆ ಶತಪಥ ಹಾಕಿದ. ಒಮ್ಮೆ ರೇಗಿ ಗಾಜಿನ ಲೋಟ ಎಸೆದ, ಆಮೇಲೆ ತಾನೇ ಚೂರು ಗುಡಿಸಿದ. ಹತ್ತನೆಯ ದಿನ ಏಳು ಗಂಟೆ ಮಲಗಿದ. ರಜೆ ಮುಗಿದ ಮೇಲೆ ಯಜಮಾನರು ಅವನನ್ನು ಒಂದು ತಿಂಗಳು ಪುಟ ಹೊಲಿಯುವ ಕಡೆ ಕೂರಿಸಿದರು.

ಅವನು ಕೆಲಸಕ್ಕೆ ಮರಳಿದ ದಿನ ನಾನೊಬ್ಬಳೇ ಆಸ್ಪತ್ರೆಗೆ ಹೋದೆ. ರೋಗಿಗಳ ಮನೆಯವರು ಅಲ್ಲಿ ವಾರಕ್ಕೊಮ್ಮೆ ಸೇರುತ್ತಾರೆಂದು ನರ್ಸಮ್ಮ ಹೇಳಿದ್ದಳು. ಹಿಂಬದಿಯ ಕೋಣೆಯಲ್ಲಿ ಎಂಟು ಹತ್ತು ಜನ ಇದ್ದರು. ಬಾಗಿಲ ಬಳಿಯೇ ನಿಂತಿದ್ದ ನನ್ನನ್ನು ಒಬ್ಬ ಅಜ್ಜಿ ಕೇಳಿದಳು:

"ನಿಮ್ಮನೇಲಿ ಯಾರಿಗಮ್ಮ?"

"ಅಣ್ಣನಿಗೆ. ಅವನು ಈಗ ಪರವಾಗಿಲ್ಲ. ನಂಗೇ ಕೂತಲ್ಲಿ ಕೂರಕ್ಕಾಗಲ್ಲ."

ಅಜ್ಜಿ ಪಕ್ಕದ ಕುರ್ಚಿಯ ಮೇಲಿದ್ದ ತನ್ನ ಚೀಲ ಎತ್ತಿಕೊಂಡಳು. "ಬಾ, ಇಲ್ಲಿ ಯಾರಿಗೂ ಆಗಲ್ಲ."