ಗೆಣ್ಣು ಕಾಣದ ಬೆರಳು

"ಈಗ ನೀವೂ ಮುಷ್ಟಿ ಹಿಡೀರಿ," ಅಂದರು ಡಾಕ್ಟರ್ ಪ್ರಫುಲ್ಲಾ.

ಮಹಾದೇವಿ ಬಲಗೈ ಮಡಚಿ ಮಗಳ ಮುಷ್ಟಿಯ ಪಕ್ಕ ಮೇಜಿನ ಮೇಲಿಟ್ಟಳು. ಉಂಗುರ ಬೆರಳಿನ ಬುಡದಲ್ಲಿ ಗೆಣ್ಣು ಉಬ್ಬಬೇಕಾದ ಕಡೆ ಇಬ್ಬರಿಗೂ ಸಣ್ಣ ತಗ್ಗು. ಪ್ರಣೀತಾ ನಕ್ಕಳು. "ಮಮ್ಮಿ, ಸೇಮ್ ಟು ಸೇಮ್."

ಎಂಟು ವರ್ಷದ ಹುಡುಗಿ. ಶಾಲೆಯಲ್ಲಿ ಬೆರಳು ಸೆಟೆದು ಫಿಟ್ಸ್ ಬಂದಿತ್ತು. ಸಯನ್‌ನಲ್ಲಿ ಅವರ ಚಾಳಿನ ಹತ್ತಿರದ ಡಾಕ್ಟರು ಪರೇಲಿನ ಈ ದೊಡ್ಡ ಆಸ್ಪತ್ರೆಗೆ ಕಳಿಸಿದ್ದರು. ಹೋದ ಸಲ ಬಂದಾಗ ಇಲ್ಲಿ ತಾಯಿಯ ರಕ್ತವನ್ನೂ ತೆಗೆದುಕೊಂಡಿದ್ದರು. ಯಾಕೆಂದು ಮಹಾದೇವಿ ಕೇಳಿರಲಿಲ್ಲ. ಡಾಕ್ಟರ್ ಧಾರವಾಡದ ಕಡೆಯವರು, ಕನ್ನಡದಲ್ಲೇ ಹೇಳುತ್ತಾರೆ ಎಂಬುದೊಂದೇ ಅವಳಿಗೆ ಧೈರ್ಯ.

"ಗಂಟಲಾಗ ಸಣ್ಣ ಗ್ರಂಥಿ ಇರ್ತಾವ್ರಿ. ಕ್ಯಾಲ್ಸಿಯಂ ಇಳದ್ರ ಅವು ಒಂದು ಹಾರ್ಮೋನ್ ಬಿಡ್ತಾವ. ಕೆಲವರಿಗೆ ಆ ಗ್ರಂಥಿನ ಕೆಲಸ ಮಾಡಂಗಿಲ್ಲ. ಈಕಿದು ಹಂಗಲ್ಲ. ಹಾರ್ಮೋನ್ ಬೇಕಾದಷ್ಟೈತಿ, ಮೈ ಅದರ ಮಾತು ಕೇಳವಲ್ದು. ಅದಕ್ಕ ಕ್ಯಾಲ್ಸಿಯಂ ಇಳದೈತಿ, ಫಾಸ್ಫರಸ್ ಏರೈತಿ."

"ನನ್ನ ರಕ್ತದಾಗ?"

"ನಿಮ್ಮದು ಎರಡೂ ಬರೋಬರಿ ಅದಾವ. ಎಲುಬಷ್ಟ ಹಿಂಗ. ಇದು ಅಪ್ಪನ ಕಡಿಂದ ಬಂದ್ರ ಎಲುಬಿಗಷ್ಟ ನಿಲ್ಲತೈತಿ. ತಾಯಿ ಕಡಿಂದ ಬಂದ್ರ ರಕ್ತಕ್ಕೂ ಇಳಿತೈತಿ. ಇದು ಯಾರ ತಪ್ಪೂ ಅಲ್ರಿ."

ಊರಿನಲ್ಲಿ ಮಹಾದೇವಿಯ ಅಪ್ಪ ಸಿದ್ದರಾಮಪ್ಪನನ್ನು ಜನ ಗಿಡ್ಡಬೆರಳಿನವ ಎಂದೇ ಕರೆಯುತ್ತಿದ್ದರು.

"ಈಕಿಗೊಬ್ಬ ಅಣ್ಣ ಇದ್ದ," ಎಂದಳು ಮಹಾದೇವಿ. "ಅವನ ಬೆರಳೂ ಹಿಂಗ ಸೆಟೀತಿದ್ವು."

"ರಕ್ತ ನೋಡಿದ್ರೇನು?"

"ಇಲ್ರಿ. ಫಿಟ್ಸಿನ ಗುಳಿಗಿ ಅಷ್ಟ ಕೊಟ್ಟಿದ್ರು."

ಡಾಕ್ಟರ್ ಪ್ರಣೀತಾಳನ್ನು ನೋಡಿದರು. "ಇದಾ ಇರಬಹುದು. ಈಗ ಖಾತ್ರಿ ಹೇಳಾಕ ಬರಂಗಿಲ್ಲ."

"ಗೊತ್ತಾಗಿದ್ರ ಉಳೀತಿದ್ನೇನ್ರಿ?"

"ಇದಕ್ಕ ಔಷಧ ಐತ್ರಿ," ಅಂದರು ಡಾಕ್ಟರ್.

ಗಂಡ ಶಿವಪುತ್ರಪ್ಪ ಕೆಳಗೆ ಔಷಧದ ಅಂಗಡಿಯ ಸಾಲಿನಲ್ಲಿದ್ದ. ಬಿಲ್ಡಿಂಗುಗಳಲ್ಲಿ ಟೈಲ್ಸ್ ಕೂರಿಸುವವನು. ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಮಗ ಶರಣು ಶಾಲೆಗೆ ಒಲ್ಲೆನೆಂದು ಹಟ ಮಾಡಿದಾಗ ಅವನ ಕೆನ್ನೆಗೆ ಹೊಡೆದಿದ್ದ. ಮಧ್ಯಾಹ್ನ ಹುಡುಗನಿಗೆ ಫಿಟ್ಸ್ ಬಂತು, ನಿಲ್ಲಲಿಲ್ಲ. ಆಸ್ಪತ್ರೆಯ ಬಾಗಿಲಿಗೆ ಬರುವಷ್ಟರಲ್ಲಿ ಟ್ಯಾಕ್ಸಿಯಲ್ಲೇ ಹೋಗಿಬಿಟ್ಟಿದ್ದ. ಮಣ್ಣು ಮಾಡಿ ಬಂದ ದಿನ ಮಹಾದೇವಿ ಎಲ್ಲರೆದುರು, "ನಿಮ್ಮ ಕೈಲೇ ಹೋತು ನನ್ನ ಕೂಸು," ಎಂದಿದ್ದಳು. ಅಂದಿನಿಂದ ಆ ಮನೆಯಲ್ಲಿ ಅವನ ದನಿ ಏರಿದ್ದಿಲ್ಲ. ಅವಳು ಆ ಮಾತನ್ನು ಹಿಂದೆ ತೆಗೆದುಕೊಂಡದ್ದೂ ಇಲ್ಲ.

ಮೆಟ್ಟಿಲು ಇಳಿಯುತ್ತ ಅವಳು ಯೋಚಿಸಿದಳು. ಶರಣುವಿನ ಬಗ್ಗೆ ಡಾಕ್ಟರ್ ಅಂದದ್ದನ್ನು ತಾನು ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಮಗಳಿಗೆ ಗುಳಿಗೆ ನಡೆಯುತ್ತದೆ, ಮನೆ ಇದ್ದಂತೆ ಇರುತ್ತದೆ.

ಗಂಡ ಔಷಧ ಕೊಂಡ ಮೇಲೆ ಮೂವರೂ ಸ್ಟೇಷನ್ನಿಗೆ ನಡೆದರು. ಸೇತುವೆಯ ಕೆಳಗೆ ಅವಳು ನಿಂತುಬಿಟ್ಟಳು. ಪ್ರಣೀತಾ ಮುಂದೆ ಹೋಗಿ ಬಳೆ ಮಾರುವವಳ ಬುಟ್ಟಿ ನೋಡುತ್ತಿದ್ದಳು.

"ರೀ, ಶರಣುಗೂ ಇದಾ ಬ್ಯಾನಿ ಇತ್ತಂತ. ನನ್ನ ಕಡಿಂದ ಬಂದದ್ದು. ನೀವು ಹೊಡದದ್ದಕ್ಕ ಹೋಗಿಲ್ಲ ಅಂವ."

'ಇರಬಹುದು' ಎಂದಿದ್ದರು ಡಾಕ್ಟರ್. ಆ ಒಂದು ಮಾತನ್ನು ಅವಳು ಬಿಟ್ಟಳು.

ಶಿವಪುತ್ರಪ್ಪನೂ ನಡುದಾರಿಯಲ್ಲೇ ನಿಂತ. ಜನ ಅವನನ್ನು ತಳ್ಳಿಕೊಂಡು ಹೋದರು.

"ಅಂದ್ರ ಅವತ್ತ ಮುಂಜಾನೆನ ಅಂವಗ ಆರಾಮಿರಲಿಲ್ಲ," ಎಂದ.

"ನಮಗೆಲ್ಲಿ ಗೊತ್ತಿತ್ತು?"

"ಕಾಲು ಸೆಟದು ಹಿಡೀತಾವ ಅಂದಿದ್ದ, ಮಾದೇವಿ. ಸುಳ್ಳು ಹೇಳತಾನ ಅಂತ ಹೊಡದೆ."

ಈ ಮಾತನ್ನು ಅವಳು ಇದೇ ಮೊದಲ ಸಲ ಕೇಳಿದ್ದು. ಅವನ ತೋಳು ಹಿಡಿಯಲು ಹೋದಳು. ಅಷ್ಟರಲ್ಲಿ ಗಾಡಿ ಬಂತೆಂದು ಪ್ರಣೀತಾ ಕೂಗಿದಳು.

ತಾಯಿ ಮಗಳು ಲೇಡೀಸ್ ಡಬ್ಬಿ ಹತ್ತಿದರು, ಅವನು ಪಕ್ಕದ ಡಬ್ಬಿ. ನಡುವೆ ಆಚೆ ಕಾಣುವ ಕಬ್ಬಿಣದ ಜಾಲರಿ. ದಾದರಿನಲ್ಲಿ ಜನ ನುಗ್ಗಿದರು. ಶಿವಪುತ್ರಪ್ಪ ಔಷಧದ ಚೀಲ ಜಜ್ಜಿಹೋಗದಂತೆ ಎರಡೂ ಕೈಯಿಂದ ತಲೆಯ ಮೇಲೆ ಎತ್ತಿ ಹಿಡಿದಿದ್ದ. ಮಾಟುಂಗಾ ಬಂತು, ಹೋಯಿತು. ಕಣ್ಣೊರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ. ಒದ್ದೆ ಮುಖವನ್ನು ಅವನು ಆಗಾಗ ತನ್ನ ತೋಳಿಗೇ ಒತ್ತಿಕೊಳ್ಳುತ್ತಿದ್ದ.