ಆರಾಮಿಗೆ ಹನ್ನೆರಡು ನಿಮಿಷ

ಆರಾಮಾಗಿ ಒಂದು ದಿನದ ಪ್ರವಾಸ ಹೋಗಿಬರುವುದು ಹೇಗೆಂದು ತಿಮ್ಮರಾಜು ಮೂರು ವಾರ ನಿದ್ದೆಗೆಟ್ಟು ಯೋಚಿಸಿದ್ದ.

ಸೇಲಂ ಪಟ್ಟಣದ ಅಂಚಿನ ಒಂದು ಸಬ್ಬಕ್ಕಿ ಕಾರ್ಖಾನೆಯಲ್ಲಿ ಲಾರಿ ಕಳಿಸುವ ಕೆಲಸ ಅವನದು. ಯಾವ ಲಾರಿ ಎಷ್ಟೊತ್ತಿಗೆ ಹೊರಡಬೇಕು, ಡ್ರೈವರು ಎಲ್ಲಿ ಟೀ ಕುಡಿಯಬಹುದು, ಎಲ್ಲಿ ಕುಡಿಯಬಾರದು, ಎಲ್ಲವೂ ಅವನ ಕಾಗದದ ಮೇಲೆ ಹಿಂದಿನ ದಿನವೇ ನಡೆದುಹೋಗಿರುತ್ತಿತ್ತು. ಲಾರಿಯದೇನಿದ್ದರೂ ಮರುದಿನ ಹೋಗಿ ಅದನ್ನು ನಿಜ ಮಾಡಿ ಬರುವ ಕೆಲಸ. ಹದಿನೆಂಟು ವರ್ಷದಲ್ಲಿ ಒಂದು ಲಾರಿಯೂ ತಡವಾಗಿ ಗೇಟು ದಾಟಿಲ್ಲ.

ಇದೇ ಕೈಯಿಂದ ಅವನು ಸಂಸಾರವನ್ನೂ ಎರಡು ಸಲ ರೈಲು ಹತ್ತಿಸಿ ನೋಡಿದ್ದ. ಮೊದಲನೆಯದು ಮೆಟ್ಟೂರು. ಅಣೆಕಟ್ಟು, ಪಾರ್ಕು, ಮೀನೂಟ, ಮೂರೂ ಸೇರಿ ಮೂರು ಗಂಟೆ ಹತ್ತು ನಿಮಿಷ. ಇಳಿಯುವುದು ತಡವಾಗಬಾರದೆಂದು ಎರಡು ನಿಲ್ದಾಣ ಮೊದಲೇ ಎಲ್ಲರನ್ನೂ ಬಾಗಿಲ ಬಳಿ ಸಾಲಾಗಿ ನಿಲ್ಲಿಸಿದ್ದರಿಂದ ಮಗಳು ರೋಜಾಳ ಒಂದು ಚಪ್ಪಲಿ ಹಳಿಗಳ ಪಾಲಾಯಿತು. ಎರಡನೆಯದು ನಾಮಕ್ಕಲ್. ಕೋಟೆಯ ಮೆಟ್ಟಿಲು ಹತ್ತುವಾಗ ಅರ್ಧದಲ್ಲಿ ಐದು ನಿಮಿಷ ಕೂರಬಹುದೆಂದಿತ್ತು. ಐದು ಮುಗಿಯಿತು ನೋಡಿ, ತಿಮ್ಮರಾಜು ಕಾರ್ಖಾನೆಯಲ್ಲಿ ಮಾಡುವಂತೆ ಚಪ್ಪಾಳೆ ತಟ್ಟಿದ. ಹೆಂಡತಿ ಮೇನಕಾ ಏಳಲಿಲ್ಲ. ಕೂತಲ್ಲಿಂದಲೇ ಗಂಡನನ್ನು ನೋಡಿದಳು. ಆ ನೋಟ ಯಾರ ಮೇಲೆ ಬಿತ್ತೆಂದು ತಿಳಿಯಲು ಇಳಿದು ಹೋಗುತ್ತಿದ್ದವರೂ ಒಂದು ಗಳಿಗೆ ನಿಂತರು.

ಆಮೇಲೆ ಅವನು ಧರ್ಮಪುರಿಯ ಮಾತೆತ್ತಿದಾಗ ಮೇನಕಾ ಹೊಲಿಗೆ ಮಿಷನ್ನಿನಿಂದ ತಲೆಯನ್ನೇ ಎತ್ತಲಿಲ್ಲ. ಬೀದಿಯ ಅರ್ಧ ಹೆಂಗಸರ ರವಿಕೆ ಹೊಲಿಯುವವಳು ಅವಳೇ.

“ಇದೇ ಕಡೇದು, ರೋಜಾ ಅಪ್ಪ. ಇದೂ ಆ ಎರಡ್ರಂಗೇ ಆಯ್ತಂದ್ರೆ ಇನ್ಮೇಲೆ ನಾನ್ ಬರಾಕಿಲ್ಲ. ನೀವೂ ನಿಮ್ಮವ್ವನೂ ಓಗ್ಬುಟ್ ಬನ್ನಿ.”

ತಿಮ್ಮರಾಜುವಿಗೆ ಇದು ಸಣ್ಣ ಮಾತಲ್ಲ. ಅವನು ಮನೆ ಸೇರುವುದೇ ಕತ್ತಲಾದ ಮೇಲೆ. ಅಷ್ಟೊತ್ತಿಗೆ ಮೇನಕಾಳ ಸುತ್ತ ಕೊಕ್ಕೆ ಹಾಕದ ರವಿಕೆಗಳ ಗುಡ್ಡೆ. ಇಬ್ಬರೂ ಅಕ್ಕಪಕ್ಕ ಕೂತು ಒಂದೇ ಕಡೆ ನೋಡುವುದೆಂದರೆ ಅದು ರೈಲಿನ ಕಿಟಕಿಯಲ್ಲಿ ಮಾತ್ರ. ಮೇನಕಾ ಇಲ್ಲದ ಪ್ರವಾಸಕ್ಕೂ ಅವ್ವನನ್ನು ಕಣ್ಣಿನ ಡಾಕ್ಟರ ಬಳಿ ಕರೆದೊಯ್ಯುವುದಕ್ಕೂ ಏನು ವ್ಯತ್ಯಾಸ?

ಹೀಗಾಗಿ ಧರ್ಮಪುರಿಯದು ಆರಾಮದ ಪ್ರವಾಸವೆಂದು ತೀರ್ಮಾನವಾಯಿತು. ನಸುಕಿನ ರೈಲು ಬಿಟ್ಟು ಹತ್ತೂ ಹತ್ತರ ಪ್ಯಾಸೆಂಜರ್. ಕನ್ನಡ ಅವರ ಮನೆಯಲ್ಲಿ ಬಾಯಿಗಷ್ಟೇ, ಬರೆಯುವುದೆಲ್ಲ ತಮಿಳು. ಕಾಗದದಲ್ಲಿ ಅವನು ‘ಓಯ್ವು’, ಅಂದರೆ ವಿಶ್ರಾಂತಿ, ಎಂದು ಏಳು ಕಡೆ ಬರೆದ. ಒಂದೊಂದಕ್ಕೂ ಹನ್ನೆರಡು ನಿಮಿಷ. ಹೊರಗೆ ಊಟ ಹುಡುಕುವ ಗಡಿಬಿಡಿಯೇ ಬೇಡವೆಂದು ಪುಳಿಯೋಗರೆ, ಚಪಾತಿ, ಪಲ್ಯ, ಮೊಸರನ್ನ, ಓಮಲೂರು ದಾಟಿದ ಮೇಲೆ ತಿನ್ನಲು ಮುರುಕ್ಕು, ಎಲ್ಲ ಮನೆಯಿಂದಲೇ. ಚಪಾತಿ ಲಟ್ಟಿಸುವವರು ಯಾರು, ಎಷ್ಟೊತ್ತಿಗೆ ಎದ್ದು ಲಟ್ಟಿಸುತ್ತಾರೆ ಎಂಬುದು ಮಾತ್ರ ಕಾಗದದಲ್ಲಿರಲಿಲ್ಲ. ಕಾಗದ ಮನೆ ಬಿಡುವ ಗಳಿಗೆಯಿಂದ ಶುರುವಾಗುತ್ತಿತ್ತು.

ಶುಕ್ರವಾರ ಸಂಜೆ ರೋಜಾ ಅದನ್ನು ಗಟ್ಟಿಯಾಗಿ ಓದಿದಳು. ಹತ್ತನೇ ಕ್ಲಾಸಿನ ಹುಡುಗಿ.

“ಒಂಬತ್ತು ಇಪ್ಪತ್ತು, ಮನೆ ಬಿಡೋದು. ಅಪ್ಪಾ, ಇದು ಟೂರಾ, ಎಕ್ಸಾಮ್ ಟೈಂಟೇಬಲ್ಲಾ?”

ಮೂಲೆಯಲ್ಲಿ ಎಲೆಯಡಿಕೆ ಮೆಲ್ಲುತ್ತಿದ್ದ ಅಜ್ಜಿ ಮುನಿರತ್ನಮ್ಮ ಮೆಲ್ಲುವುದನ್ನು ನಿಲ್ಲಿಸಿದಳು. “ಲೇ ತಿಮ್ಮ, ಶನಿವಾರ ಒಂಬತ್ತರಿಂದ ಅತ್ತೂವರೆ ತಂಕ ರಾವುಕಾಲ ಅಲ್ವೇನ್ಲಾ?”

“ರೈಲು ಅದ್ನೆಲ್ಲ ನೋಡಲ್ಲ ಕಣವ್ವ.”

“ರೈಲು ನೋಡ್ಬೇಡ. ನಾನ್ ನೋಡ್ತೀನಿ.”

“ಆಗಾದ್ರೆ ಎಂಟೂಮುಕ್ಕಾಲಿಗೇ ಒಂಟು ಸ್ಟೇಷನ್ನಾಗೆ ಕುಂತ್ಕಳನಾ?”

ಒಳಗಿನಿಂದ ಮೇನಕಾಳ ದನಿ ಬಂತು: “ಅಷ್ಟೊತ್ತಿಗೆ ನನ್ ಅಡಿಗೆ, ಸ್ನಾನ ಎಲ್ಲ ಮುಗಿದ್ರಲ್ವಾ!”

“ಯಾರೂ ಬೇಗ ಒಂಡ್ಬೇಡಿ,” ಎಂದಳು ಮುನಿರತ್ನಮ್ಮ. “ಪರಸ್ತಾನ ಇಟ್ಬುಡನ.”

ಪ್ರಸ್ಥಾನವೆಂದರೆ ಇಷ್ಟೇ: ಒಳ್ಳೆಯ ಗಳಿಗೆಯಲ್ಲಿ ಹೊರಡಲಾಗದವರು ಆ ಗಳಿಗೆಗೆ ತಮ್ಮ ಸಾಮಾನೊಂದನ್ನು ಪಕ್ಕದ ಮನೆಯಲ್ಲಿಟ್ಟು ಬರುತ್ತಾರೆ. ಸಾಮಾನು ಹೊರಟರೆ ಮನುಷ್ಯರು ಹೊರಟಂತೆಯೇ. ಆಮೇಲೆ ಯಾವಾಗ ಹೊಸ್ತಿಲು ದಾಟಿದರೂ ರಾಹುವಿಗೆ ಕೇಳುವ ಹಕ್ಕಿಲ್ಲ. ಹೋಗುವಾಗ ಸಾಮಾನನ್ನು ಎತ್ತಿಕೊಂಡರಾಯಿತು. ತಿಮ್ಮರಾಜುವಿಗೆ ಈ ಏರ್ಪಾಟು ತುಂಬ ಹಿಡಿಸಿತು. ಕಾರ್ಖಾನೆಯಲ್ಲೂ ಮೊದಲು ಗೇಟ್ ಪಾಸು ಹೋಗುತ್ತದೆ, ಲಾರಿ ಆಮೇಲೆ.

ಶನಿವಾರ ಬೆಳಿಗ್ಗೆ ಎಂಟೂ ನಲವತ್ತಕ್ಕೆ ಅವನು ಕೊಡೆ ತಂದುಕೊಟ್ಟ. ಮುನಿರತ್ನಮ್ಮ ಒಪ್ಪಲಿಲ್ಲ. ಕೊಡೆ ಇಟ್ಟರೆ ಕೊಡೆಯವನೊಬ್ಬನೇ ಹೊರಟಂತೆ. ನಾಲ್ಕು ಜನಕ್ಕೂ ಸೇರಿದ್ದು ಬೇಕು. ಮನೆಯಲ್ಲಿ ನಾಲ್ಕೂ ಜನಕ್ಕೆ ಸೇರಿದ್ದೆಂದರೆ ಒಂದೇ: ಮೇನಕಾ ಆಗತಾನೆ ಮುಚ್ಚಳ ಬಿಗಿದು ಇಟ್ಟಿದ್ದ ಊಟದ ಚೀಲ. ಅದನ್ನು ಅಜ್ಜಿಯೇ ಎರಡೂ ಕೈಯಲ್ಲಿ ಎತ್ತಿಕೊಂಡು ಪಕ್ಕದ ಕಣ್ಣಮ್ಮನ ಮನೆಯ ಅಡುಗೆ ಕಟ್ಟೆಯ ಮೇಲಿಟ್ಟು, ಹಿಂತಿರುಗಿ ನೋಡದೆ ಬಂದಳು.

ಒಂಬತ್ತು ಇಪ್ಪತ್ತಕ್ಕೆ ಆಟೋ ಬಂತು. ಒಂಬತ್ತು ಇಪ್ಪತ್ತೊಂದಕ್ಕೆ ಹೊರಟಿತು.

ರೈಲಿನಲ್ಲಿ ಕಿಟಕಿಯ ಪಕ್ಕದ ಜಾಗ ಸಿಕ್ಕಿತು. ಮೇನಕಾ ಕಿಟಕಿಗೆ ತಲೆಯಾನಿಸಿ ಕೂತಳು. ಗಾಳಿ ಬರುತ್ತಿತ್ತು. ಎಲ್ಲ ಕಾಗದದಲ್ಲಿದ್ದಂತೆಯೇ ನಡೆಯುತ್ತಿದೆಯೆಂದು ತಿಮ್ಮರಾಜುವಿಗೆ ಸಣ್ಣಗೆ ಹಾಡು ಬರುವಂತಾಯಿತು. ಓಮಲೂರು ದಾಟಿತು. ಅವನು ಗಡಿಯಾರ ನೋಡಿ ಅಂಗೈ ಉಜ್ಜಿದ.

“ಮುರುಕ್ಕು ತೆಗೀರಿ ನೋಡನ.”

ಮೇನಕಾ ರೋಜಾಳನ್ನು ನೋಡಿದಳು. ರೋಜಾ ಅಜ್ಜಿಯನ್ನು ನೋಡಿದಳು. ಅಜ್ಜಿ ಮಗನನ್ನು ನೋಡಿದಳು.

“ಚೀಲ ಎಲ್ಲೈತೆ?” ಎಂದ ತಿಮ್ಮರಾಜು.

“ಅತ್ತೆ ಇಟ್ರು, ಅತ್ತೇನೇ ಎತ್ಕೊಂಡ್ರು ಅನ್ಕೊಂಡೆ,” ಎಂದಳು ಮೇನಕಾ.

“ಇಟ್ಟ ಕೈ ಎತ್ತಬಾರ್ದು ಕಣಮ್ಮಿ! ಗೊತ್ತಿಲ್ವಾ? ಬೇರೆ ಯಾರಾನ ಎತ್ಕಬೇಕು.”

“ನನ್ ಕಾಗ್ದದಾಗೆ ಊಟದ ಚೀಲ ಮೇನಕಾ ಅಂತ ಬರ್‍ದಿದ್ನಲ್ಲ!”

“ಕಣ್ಣಮ್ಮಕ್ಕ ಬೀಗ ಆಕ್ತಿದ್ರು, ನಾನ್ ನೋಡ್ದೆ,” ಎಂದಳು ರೋಜಾ, ಕಿವಿಯಿಂದ ಇಯರ್‌ಫೋನ್ ಕಿತ್ತು.

“ನೋಡಿ ಸುಮ್ನಿದ್ಯೇನೇ!”

“ಯಾರೂ ಕೇಳಿಲ್ವೇ ಪಾ.”

ಕಣ್ಣಮ್ಮನಿಗೆ ಫೋನು ಹೋಯಿತು. ಅವಳು ಎಡಪ್ಪಾಡಿಯ ಬಸ್ಸಿನಲ್ಲಿದ್ದಳು. ತಂಗಿಯ ಮನೆಯ ಗೃಹಪ್ರವೇಶ. ಚೀಲ ಒಳಗೆ ಭದ್ರವಾಗಿದೆ, ಇರುವೆ ಬಾರದಂತೆ ಸುತ್ತ ಅರಿಸಿನ ಕೂಡ ಹಾಕಿದ್ದೇನೆ, ನೀವು ಏನೂ ಯೋಚನೆ ಮಾಡದೆ ಆರಾಮಾಗಿ ಹೋಗಿಬನ್ನಿ ಎಂದು ತಮಿಳಿನಲ್ಲಿ ಧೈರ್ಯ ಹೇಳಿದಳು.

“ನಾಕ್ ಗಂಟೆಗೆ ಎದ್ದಿದ್ದೆ,” ಎಂದಳು ಮೇನಕಾ. ಕೂಗಲಿಲ್ಲ. ಕೂಗಿದ್ದರೆ ತಿಮ್ಮರಾಜುವಿಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

“ನಾಕಾ? ಅಷ್ಟ್ ಬೇಗ ಯಾಕೆ?”

“ಚಪಾತಿ ತಾನಾಗೇ ಉರುಳ್ಕೊಂಡ್ ಬಂದು ಡಬ್ಬೀಲಿ ಬೀಳ್ತಾವಾ, ರೋಜಾ ಅಪ್ಪ?”

ಎದುರಿನ ಸೀಟಿನ ಅಪರಿಚಿತನೊಬ್ಬ ನಕ್ಕು, ನಕ್ಕದ್ದು ತಪ್ಪಾಯಿತೆಂದು ಪತ್ರಿಕೆ ಎತ್ತಿಕೊಂಡ. ತಿಮ್ಮರಾಜು ಕಾಗದ ಬಿಡಿಸಿದ. ನಾಲ್ಕರಿಂದ ಒಂಬತ್ತು ಇಪ್ಪತ್ತರವರೆಗೆ ಐದು ಗಂಟೆ ಇಪ್ಪತ್ತು ನಿಮಿಷ. ಅಷ್ಟು ಹೊತ್ತಿನಲ್ಲಿ ಅವನ ಲಾರಿ ಕೊಯಮತ್ತೂರು ಮುಟ್ಟಿ, ಸಾಮಾನು ಇಳಿಸಿ, ಡ್ರೈವರು ಒಂದು ನಿದ್ದೆ ಮುಗಿಸಿರುತ್ತಾನೆ. ಡ್ರೈವರಿಗೆ ನಿದ್ದೆಯನ್ನು ಅವನೇ ಬರೆದುಕೊಡುತ್ತಾನೆ. ಇಲ್ಲಿ ಆ ಐದು ಗಂಟೆ ಎಲ್ಲೂ ಇರಲಿಲ್ಲ. ಕಿಟಕಿಯಾಚೆ ತೊಪ್ಪೂರಿನ ಬೆಟ್ಟಗಳು ಬಂದವು. ‘ಬೆಟ್ಟ ನೋಡುವುದು’ ಎಂದು ಬರೆದಿತ್ತು. ಹೇಳುವ ಧೈರ್ಯ ಬರಲಿಲ್ಲ, ಬೆಟ್ಟಗಳು ಹೋದವು.

ಧರ್ಮಪುರಿಯಲ್ಲಿ ಇಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ನಿಲ್ದಾಣದ ಹೊರಗೆ ಹುಣಸೇಮರದಡಿ ತಗಡು ಹೊದಿಸಿದ ಒಂದು ಅಂಗಡಿ, ಎರಡು ಬೆಂಚು, ಒಂದು ಹಗ್ಗದ ಮಂಚ. ಹೆಗಲ ಮೇಲೆ ಟವೆಲ್ ಹಾಕಿದ್ದ ಮುದುಕನೊಬ್ಬ ದೊಡ್ಡ ಪಾತ್ರೆಯಲ್ಲಿ ರಾಗಿ ಹಿಟ್ಟು ತೊಳಸುತ್ತಿದ್ದ. ಮುನಿರತ್ನಮ್ಮ ಮೂಗು ಮುಚ್ಚಿಕೊಂಡಳು. ಗಂಡ ಸತ್ತಾಗಿನಿಂದ ಅವಳು ಹೋಟೆಲಿನಲ್ಲಿ ನೀರೂ ಮುಟ್ಟಿದವಳಲ್ಲ.

“ನೀವ್ ತಿನ್ರಿ. ನನ್ಗೆ ಅಸಿವಿಲ್ಲ,” ಎಂದಳು, ಪಾತ್ರೆಯ ಮೇಲಿನ ಕಣ್ಣು ತೆಗೆಯದೆ.

ಮುದುಕ ತಿರುಗಿದ. “ಅಯ್ಯೋ, ನಮ್ಮಾತೇ ಆಡ್ತೀರಲ್ಲ! ಯಾವೂರ್‍ನೋರು?”

“ಮೆಟ್ಟೂರ್ ಕಡೇರು. ಈಗ ಸೇಲಂ.”

“ನಾನು ಕಾರಿಮಂಗಲಂ ಕಡೆಯೋನು, ನಾರಪ್ಪ ಅಂತ. ಕೂತ್ಕಳಿ ಕೂತ್ಕಳಿ. ಇಟ್ಟೈತೆ, ಕೀರೆಸೊಪ್ಪಿನ ಸಾರೈತೆ.”

ಮುನಿರತ್ನಮ್ಮ ಒಂದು ಗಳಿಗೆ ಯೋಚಿಸಿದಳು. “ಮಾತು ನಮ್ದೇ ಆದ್ಮೇಲೆ ಇದ್ನ ಓಟ್ಲು ಅಂತ ಎಂಗನ್ನದು?” ಎಂದು ಎಲ್ಲರಿಗಿಂತ ಮೊದಲು ಬೆಂಚಿನ ಮೇಲೆ ಕೂತಳು.

ತಟ್ಟೆಗಳು ಬಂದವು. ಮೇನಕಾ ಅಭ್ಯಾಸಬಲದಿಂದ ಎದ್ದು ಸಾರಿನ ಸೌಟಿಗೆ ಕೈ ಹಾಕಿದಳು.

“ಅಮ್ಮಣ್ಣಿ, ಸೌಟು ಬಿಡು,” ಎಂದ ನಾರಪ್ಪ. “ಇಲ್ಲಿ ಬಡ್ಸೋದು ನಾನು. ನೀನ್ ಬಡ್ಸಿದ್ರೆ ನಾನ್ ಏನ್ ಆಡ್ಲಾ ಕುಂತು?”

ಅವಳು ಕೂತಳು. ಕೈಗೆ ಕೆಲಸವಿಲ್ಲದೆ ಏನು ಮಾಡಬೇಕೆಂದು ತಿಳಿಯದೆ ಮೊದಲು ಸೆರಗು ಸರಿಮಾಡಿದಳು, ಆಮೇಲೆ ರೋಜಾಳ ಜಡೆ ಸರಿಮಾಡಿದಳು, ಕೊನೆಗೆ ಉಂಡಳು. ಬಿಸಿ ಇರುವಾಗಲೇ ಉಂಡಳು. ನಾರಪ್ಪ ಕೇಳದೆಯೇ ಎರಡು ಸಲ ಸಾರು ಹಾಕಿದ. ಕೈ ತೊಳೆದು, “ಒಂದ್ ನಿಮ್ಷ ಸೊಂಟ ನೆಟ್ಟಗೆ ಮಾಡ್ಕೊಂತೀನಿ,” ಎಂದು ಹಗ್ಗದ ಮಂಚಕ್ಕೆ ಒರಗಿದವಳು ಮಾತು ಮುಗಿಯುವ ಮೊದಲೇ ನಿದ್ದೆಹೋದಳು.

ಆಗ ಒಂದು ಗಂಟೆ ಐದು ನಿಮಿಷ. ಒಂದೂ ಹತ್ತಕ್ಕೆ ಮ್ಯೂಸಿಯಮ್ಮಿನಲ್ಲಿ ವೀರಗಲ್ಲು ನೋಡಬೇಕು. ಎರಡಕ್ಕೆ ಕೆರೆಯ ಏರಿ. ಮೂರೂ ಮೂವತ್ತೈದಕ್ಕೆ ಸೇಲಂ ರೈಲು.

ಒಂದೂ ಹತ್ತಕ್ಕೆ ತಿಮ್ಮರಾಜು ಮಂಚದ ಬಳಿ ಹೋಗಿ ನಿಂತ. ಎರಡೂ ಅಂಗೈ ತಮಗೆ ತಾವೇ ಹತ್ತಿರ ಬಂದವು. ಮುನಿರತ್ನಮ್ಮ, ರೋಜಾ, ನಾರಪ್ಪ, ಮೂವರೂ ಆ ಅಂಗೈಗಳನ್ನು ನೋಡಿದರು. ಅವು ಗೇಣುದ್ದ ಅಂತರದಲ್ಲಿ ನಿಂತುಬಿಟ್ಟವು. ಸುಮ್ಮನೆ ನಿಂತ ಕೈಗೆ ಏನಾದರೂ ಕೆಲಸ ಬೇಕಲ್ಲ. ಮೇನಕಾಳ ಮುಖದ ಮೇಲೊಂದು ನೊಣ ಕೂತಿತ್ತು. ಜೇಬಿನ ಕಾಗದ ತೆಗೆದು ಬೀಸಿದ. ಅದು ಹೋಗಿ ಇನ್ನೊಂದು ಬಂತು. ಬೆಂಚನ್ನು ಎಳೆದುಕೊಂಡು ಕೂತ.

ವೀರಗಲ್ಲುಗಳ ಹೊತ್ತು ಮೀರಿತು. ಎರಡು ಹೊಡೆಯಿತು, ಕೆರೆಯ ಏರಿಯೂ ಹೋಯಿತು. ಅಜ್ಜಿಯೂ ನಾರಪ್ಪನೂ ಕಾರಿಮಂಗಲದ ಕಡೆ ಯಾರಿಗೆ ಯಾರು ಬೀಗರು ಎಂದು ಹುಡುಕುತ್ತ ಮೂರು ತಲೆಮಾರು ಹಿಂದೆ ಹೋಗಿದ್ದರು. ಮೂರೂ ಹತ್ತಾಯಿತು. ಎಬ್ಬಿಸಲು ಇದೇ ಸರಿಯಾದ ಹೊತ್ತು. ಮೂರೂಕಾಲಿಗೆ ಎಬ್ಬಿಸಿದರೂ ನಡೆದೇ ಹೋಗಬಹುದು. ಮೂರೂ ಇಪ್ಪತ್ತಕ್ಕೆ ಸ್ವಲ್ಪ ಬಿರುಸಾಗಿ. ಮೂರೂ ಮೂವತ್ತಕ್ಕೆ ಓಡಬೇಕು. ಮೇನಕಾ ಬಾಯಿ ತುಸು ತೆರೆದು, ಒಂದು ಕೈಯನ್ನು ಮಂಚದಿಂದ ಕೆಳಗೆ ಬಿಟ್ಟು ಮಲಗಿದ್ದಳು. ತರ್ಜನಿಯ ತುದಿಯಲ್ಲಿ ಸೂಜಿ ಚುಚ್ಚಿದ ಕಪ್ಪು ಚುಕ್ಕೆಗಳು.

“ಅಪ್ಪಾ,” ಎಂದಳು ರೋಜಾ ಮೆಲ್ಲಗೆ. “ಟ್ರೈನ್ ಬಂತು ಪಾ.”

“ಗೊತ್ತು.”

“ಎಬ್ಬಿಸ್ಲಾ?”

“ಬ್ಯಾಡ.”

ರೈಲು ನಿಂತ ಸದ್ದು ಕೇಳಿಸಿತು. ಹೊರಡುವ ಕೂಗು ಕೇಳಿಸಿತು. ಡಬ್ಬಿಗಳು ಒಂದೊಂದಾಗಿ ಹಳಿಯ ಸಂದು ದಾಟುವುದನ್ನು ತಿಮ್ಮರಾಜು ಕಣ್ಣು ಮುಚ್ಚಿಕೊಂಡು ಕೊನೆಯವರೆಗೂ ಕೇಳಿದ, ಹಲ್ಲು ಕೀಳಿಸಿಕೊಳ್ಳುವವನಂತೆ. ಸದ್ದು ನಿಂತಿತು. ಅವನಿಗೆ ಏನೂ ಆಗಿರಲಿಲ್ಲ. ಕೈ ಕಾಗದ ಬೀಸುತ್ತಲೇ ಇತ್ತು.

ನಾಲ್ಕಕ್ಕೆ ಮೇನಕಾ ಕಣ್ಣು ಬಿಟ್ಟಳು. ತಗಡು ನೋಡಿದಳು, ಹುಣಸೇಮರ ನೋಡಿದಳು, ಗಂಡನನ್ನು ನೋಡಿ ಧಡಕ್ಕನೆ ಎದ್ದು ಕೂತಳು.

“ಎಷ್ಟ್ ಗಂಟೆ?”

“ನಾಕು.”

“ಟ್ರೈನು?”

“ಓಯ್ತು.”

“ಓಯ್ತಾ? ಎಬ್ಬಿಸಕ್ಕಾಗಿಲ್ವಾ? ವರ್ಷಾನ್‍ಗಟ್ಲೆ ಚಪ್ಪಾಳೆ ತಟ್ಟಿ ತಟ್ಟಿ ಪ್ರಾಣ ತೆಗೆದ್ರಿ, ತಟ್ಟಬೇಕಾದ್ ದಿನ ಕೈ ಬಿದ್ದೋಗಿತ್ತಾ?”

“ನೀನ್ ಮಲಗಿದ್ಯಲ್ಲ...”

“ಮಲಗಿದ್ರೆ ಟ್ರೈನ್ ಬಿಟ್ಬುಡೋದಾ? ಏನ್ ಮನುಷ್ಯರೋ!”

ತಿಮ್ಮರಾಜು ಮುಖ ಕೆಳಗೆ ಹಾಕಿದ. ಮುಗಿಯಿತು. ವೀರಗಲ್ಲಿಲ್ಲ, ಕೆರೆಯಿಲ್ಲ, ಬೆಟ್ಟವಿಲ್ಲ, ಐದು ಗಂಟೆ ಮಾಡಿದ ಅಡುಗೆ ಸೇಲಂನಲ್ಲಿ ಅರಿಸಿನದ ನಡುವೆ ಬೀಗದೊಳಗೆ. ಆ ಎರಡಕ್ಕಿಂತಲೂ ಇದೇ ಕೆಟ್ಟದ್ದು. ಇನ್ನು ಅವ್ವ ಮತ್ತು ತಾನು.

ಮೇನಕಾ ಸೆರಗಿನಿಂದ ಮುಖ ಒರೆಸಿಕೊಂಡಳು. ಆಕಳಿಸಿದಳು. “ಇನ್ನೊಂದು ಎಷ್ಟ್ಕೆ?”

“ಆರೂ ನಲವತ್ತು.”

“ಗ್ಯಾರಂಟಿನಾ?”

“ಗ್ಯಾರಂಟಿ.”

“ಆಗಾದ್ರೆ ಆರೂಕಾಲಿಗೆ ಎಬ್ಬಿಸಿ,” ಎಂದು ಅವಳು ಮತ್ತೆ ಒರಗಿ, ಮುಖದ ಮೇಲೆ ಸೆರಗೆಳೆದುಕೊಂಡು ಮಗ್ಗಲು ಬದಲಿಸಿದಳು. ಸೆರಗಿನೊಳಗಿಂದ ಮಾತು ಬಂತು: “ಮುಂದಿನ್ ತಡವೆ ಒಂದು ತಲೆದಿಂಬು ತರಬೇಕು. ಕತ್ತು ನೋಯ್ತೈತೆ.”

ತಿಮ್ಮರಾಜು ಮೆಲ್ಲಗೆ ಎದ್ದ. ಬೆಂಚು ಸುತ್ತಿ ಬಂದು ಅವ್ವನ ಕಿವಿಯ ಬಳಿ ಬಗ್ಗಿದ.

“ಕೇಳಿಸ್ಕೊಂಡ್ಯಾ ಅವ್ವಾ? ಮುಂದಿನ ಸಲ ಅಂದ್ಳು. ಮುಂದಿನ ಸಲ...”

“ಮೆತ್ತಗೆ ಒದರ್ಲಾ,” ಎಂದಳು ಮುನಿರತ್ನಮ್ಮ. “ಎದ್ಬುಟ್ಟಾಳು.”