ಪ್ರೆಸ್ ಮಶೀನಿನ ಪುಸ್ತಿಕೆ

ಇಂಗ್ಲಿಷ್ ಬಿ.ಎ. ಮಾಡಿದವಳಿಗೆ ಟೀಚರ್ ಕೆಲಸ ಬಿಟ್ಟರೆ ಗತಿಯಿಲ್ಲ ಎಂದು ಮಲ್ಲಿಕಾ ಇದ್ದ ಕಳವಾ ಊರಿನ ಚಾಳು, ಆ ಸಾಲುಮನೆಗಳ ವಠಾರ, ತೀರ್ಮಾನಿಸಿಬಿಟ್ಟಿತ್ತು. ಬೇರೆಯವರ ಮಕ್ಕಳ ಭವಿಷ್ಯ ನಿರ್ಧರಿಸಲು ಚಾಳಿನವರಿಗೆ ಎರಡು ನಿಮಿಷ ಸಾಕು. ಮಲ್ಲಿಕಾಳಿಗೆ ಮಾತ್ರ ಬರೆಯುವ ಕೆಲಸವೇ ಬೇಕಿತ್ತು. ತೊಂಬತ್ತಾರರ ಬೇಸಿಗೆಯಲ್ಲಿ ಹತ್ತಿರದ ತುರ್ಭೆಯ ಕಂಪನಿಯೊಂದು, ತಾನು ಹೊರದೇಶಕ್ಕೆ ಕಳಿಸುವ, ತಗಡು ಒತ್ತುವ ಪ್ರೆಸ್ ಮಶೀನನ್ನು ನಡೆಸುವುದು ಹೇಗೆಂದು ಇಂಗ್ಲಿಷಿನಲ್ಲಿ ಪುಸ್ತಿಕೆ ಬರೆಯುವವರು ಬೇಕೆಂದು ಜಾಹೀರಾತು ಕೊಟ್ಟಿತು. ಐದು ಪುಟ ಮಾದರಿ ಬರೆದು ತರಬೇಕಿತ್ತು.

ಅವಳ ಅಪ್ಪ ಚಂದ್ರಾಮ ಹದಿನೆಂಟು ವರ್ಷ ಅಂಥದೇ ಮಶೀನು ನಡೆಸಿದವನು. ಎಡಗೈಯ ಎರಡು ಬೆರಳು ಅದಕ್ಕೇ ಹೋಗಿದ್ದವು. ಭಾನುವಾರ ಬೆಳಿಗ್ಗೆ ಮಲ್ಲಿಕಾ ಅವನ ಮುಂದೆ ಹಿಟ್ಟಿನ ಡಬ್ಬಿಯಿಟ್ಟಳು.

"ಇದೇ ಮಶೀನು ಅನ್ಕೋ ಅಪ್ಪಾ. ನಡಸಿ ತೋರ್ಸು."

ಚಂದ್ರಾಮ ನಾಚುತ್ತಲೇ ತೋರಿಸಿದ. ತಗಡು ಇಟ್ಟ, ಕೈ ತೆಗೆದ, ಪೆಡಲ್ ತುಳಿಯುವ ಮೊದಲು "ಕೈ" ಎಂದ. ಮತ್ತೆ ತಗಡು, ಮತ್ತೆ "ಕೈ".

"ಯಾರಿಗಿ ಹೇಳ್ತಿ?"

"ನನಗೇ ಹೇಳ್ಕೋತೀನಿ. ದಿನಾ ಸಾವಿರಗಟ್ಲೆ ಸಲ ತುಳದ್ರ, ಕೈ ಎಲ್ಲದ ಅನ್ನೂದೇ ಮರ್ತು ಹೋಗ್ತದವ್ವಾ. ಬೆರಳು ಹೋದ ಮ್ಯಾಲ ಕಲ್ತೆ. ಎಲ್ಲಾರೂ ಅಂತಾರ. ಮರಾಠಿಯವ್ರು ಹಾತ್ ಅಂತಾರ."

ಮಲ್ಲಿಕಾಳಿಗೆ ನಾಚಿಕೆಯಾಯಿತು. ಇಷ್ಟು ವರ್ಷಗಳಲ್ಲಿ ಆ ಬೆರಳುಗಳ ಬಗ್ಗೆ ಅವಳು ಒಂದು ಮಾತೂ ಕೇಳಿರಲಿಲ್ಲ.

ಕಂಪನಿಯ ತಾರಾನಾಥ ಸಾಹೇಬರು ಮಂಗಳೂರು ಕಡೆಯವರು. ಐದೂ ಪುಟ ಓದಿ ತಲೆದೂಗಿದರು.

"ಚಂದ ಬರ್ದಿದ್ದೀರಿ. ಆದ್ರೆ ಇದೊಂದು ಸಾಲು ಹೊಡೆದು ಹಾಕಿ. 'ಪೆಡಲ್ ತುಳಿಯುವ ಮೊದಲು, ಪ್ರತಿ ಸಲವೂ, ನಿಮ್ಮ ಭಾಷೆಯಲ್ಲಿ ಕೈ ಎಂದು ಹೇಳಿಕೊಳ್ಳಿ.' ಹೊರಗಿನವರು ಓದಿ ನಗ್ತಾರೆ ಮಾರಾಯ್ರೆ. ಅದು ತೆಗೆದ್ರೆ ಸೋಮವಾರದಿಂದ್ಲೇ ಬನ್ನಿ."

ಅವರು ಪೆನ್ನು ಮುಂದೆ ಸರಿಸಿದರು. ಮಲ್ಲಿಕಾ ಅದನ್ನು ಎತ್ತಿಕೊಂಡಳು. ಬಂದ ಕೆಲಸವನ್ನು ಕೈಯಾರೆ ಕಳೆದುಕೊಳ್ಳುವ ಭಯದಲ್ಲೇ ಆ ಸಾಲನ್ನು ಇನ್ನೊಮ್ಮೆ ಓದಿದಳು. ಪೆನ್ನನ್ನು ಮತ್ತೆ ಮೇಜಿನ ಮೇಲಿಟ್ಟಳು.

"ಬೇರೆ ಯಾವ ಸಾಲಾದ್ರೂ ತೆಗೀತೀನಿ ಸರ್. ಇದನ್ನ ತೆಗೆಯಂಗಿಲ್ಲ. ಕೆಳಗ ನಿಮ್ಮ ಆಪರೇಟರನ್ನೇ ಒಮ್ಮೆ ನೋಡ್ರಿ."

ಸಾಹೇಬರ ಹುಬ್ಬು ಗಂಟಿಕ್ಕಿತು. ಆದರೂ ಎದ್ದರು.

ಕೆಳಗಿನ ಶೆಡ್ಡಿನ ಸದ್ದಿನಲ್ಲಿ ಯಾರ ಮಾತೂ ಕೇಳುವಂತಿರಲಿಲ್ಲ. ಪ್ರೆಸ್ಸಿನ ಮುಂದೆ ನಡುವಯಸ್ಸಿನ ಭುಜಂಗ ಕೂತಿದ್ದ. ತಗಡು ಇಟ್ಟ, ಕೈ ತೆಗೆದ, ಅವನ ತುಟಿ ಅಲುಗಿತು, ಮಶೀನು ಕೆಳಗಿಳಿಯಿತು. ಮತ್ತೆ ತಗಡು, ಮತ್ತೆ ತುಟಿ.

ತಾರಾನಾಥರು ಬಗ್ಗಿ ಅವನ ಬಾಯಿಗೆ ಕಿವಿ ಕೊಟ್ಟು ನಿಂತರು. ಬಹಳ ಹೊತ್ತಿನ ಮೇಲೆ ನೆಟ್ಟಗಾಗಿ ಅವಳ ಕಡೆ ತಿರುಗಿದರು.

"ಸಾಲು ಇರ್ಲಿ," ಎಂದರು. "ಹನ್ನೆರಡು ವರ್ಷದಿಂದ ಇವ ತಂಬಾಕು ಜಗೀತಾನೆ ಅಂತ ತಿಳ್ಕೊಂಡಿದ್ದೆ ನಾನು."